ಬಿಚ್ಚಿದ ಕೂದಲಿಗೆ ಪ್ರವೇಶವಿಲ್ಲ

ಮೊನ್ನೆ ಸಂಜೆ ಸಂಭಾಜಿನಗರದಿಂದ ಫೋನು ಬಂತು. ಹೋಟೆಲಿನ ಅಮ್ಮನ ಅಣ್ಣನ ಮಗ ಮಾತಾಡಿದ. "ಅತ್ತೆ ಊರಿಗೆ ಹೋಗ್ತಾರಂತೆ. ಇನ್ನು ಹೋಟೆಲು ನೀನೇ ನೋಡ್ಕೊ ಅಂದ್ರು. ಭಾನುವಾರ ಬೇಕಾದವರಿಗೆಲ್ಲ ಊಟ ಉಂಟು. ನೀವು ಬರ್ಲೇಬೇಕು. ಮಗಳನ್ನು ಬಿಟ್ಟು ಬಂದ್ರೆ ಊಟ ಇಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ."

ಫೋನಿಟ್ಟವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಸಿಕದ ಈ ಎರಡು ಕೋಣೆಯ ಮನೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ಓಡಾಡಿದೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಬ್ಯಾಗು ತೆಗೆದು ಮಂಚದ ಮೇಲಿಟ್ಟೆ. "ಈಗ ಹೊಂಟ್ರೇನ್ರಿ?" ಎಂದು ಹೆಂಡತಿ ನಕ್ಕಳು. ಒಂಬತ್ತನೆಯ ಕ್ಲಾಸಿನ ಮಗಳು ಮಾತ್ರ ಏನೂ ಕೇಳದೆ ಸ್ಟೂಲು ಹತ್ತಿ ಕಪಾಟಿನ ಮೇಲಿನ ತಗಡಿನ ಡಬ್ಬಿ ಇಳಿಸಿದಳು. ಆ ಡಬ್ಬಿಯ ಕತೆಯನ್ನೇ ಹೇಳಬೇಕೆಂದು ಇವತ್ತು ಬರೆಯಲು ಕೂತಿದ್ದೇನೆ. ಕತೆ ಹೇಳಬೇಕೆಂದರೆ ಅಮ್ಮನನ್ನು ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಅಲ್ಲಿಯ ಮರಾಠಿ ಪತ್ರಿಕೆಯವನೊಬ್ಬ ಹೋಟೆಲಿನ ಬಗ್ಗೆ ಬರೆಯಲು ಬಂದು ಹೆಸರು ಕೇಳಿದಾಗ ಅಮ್ಮ, "ಹೆಸರು ಎಂತಕ್ಕೆ? ಇಡ್ಲಿಗೆ ಹೆಸರುಂಟಾ?" ಎಂದು ಅವನ ಮುಂದೆ ಎರಡು ಇಡ್ಲಿ ಇಟ್ಟು ಒಳಗೆ ಹೋಗಿದ್ದರು. ಗಿರಾಕಿಗಳಿಗೆ ಅವರು ಮಾವ್ಶಿ, ಅಂದರೆ ಚಿಕ್ಕಮ್ಮ; ಅಡುಗೆಮನೆಯವರಿಗೆ ಅಮ್ಮ, ನನ್ನ ಮಗಳಿಗೆ ಇಡ್ಲಿ ಅಜ್ಜಿ. ನನಗೂ ಅಮ್ಮ ಎಂದೇ ರೂಢಿ.

ಉಡುಪಿ ಕಡೆಯವರು. ಮದುವೆಯಾಗಿ ಬಂದ ವರ್ಷವೇ ಗಂಡನ ಜೊತೆ ಹೋಟೆಲು ತೆರೆದವರು. ಗಂಡ ತೀರಿಕೊಂಡ ಮೇಲೂ ಒಬ್ಬರೇ ನಡೆಸಿದರು. ಗಿಡ್ಡ ಆಳು, ಗಟ್ಟಿ ಮೈ. ಹಣೆಯಿಂದ ಕುತ್ತಿಗೆಯ ತನಕ ಬಿಗಿಯಾಗಿ ಕಟ್ಟಿದ ಬಿಳಿಯ ಬಟ್ಟೆ. ಆ ಬಟ್ಟೆ ಇಲ್ಲದ ಅವರ ತಲೆಯನ್ನು ಹೋಟೆಲಿನಲ್ಲಿ ಯಾರೂ ಕಂಡಿರಲಿಲ್ಲ. ಹಬ್ಬಕ್ಕೂ ಅದೇ, ಜ್ವರ ಬಂದಾಗಲೂ ಅದೇ. ಅವರು ನಿಲ್ಲುತ್ತಿದ್ದದ್ದು ಅಡುಗೆಮನೆಯಿಂದ ಊಟದ ಹಾಲಿಗೆ ಬರುವ ಬಾಗಿಲಲ್ಲಿ. ಒಂದೊಂದು ತಟ್ಟೆಯೂ ಅವರ ಕಣ್ಣ ಕೆಳಗೆ ಹಾದೇ ಹೊರಗೆ ಹೋಗಬೇಕು. ಉಪ್ಪು, ಖಾರ ನೋಡಲು ಭಟ್ಟರಿದ್ದರು. ಅಮ್ಮ ನೋಡುತ್ತಿದ್ದದ್ದು ಒಂದನ್ನೇ, ಕೂದಲು.

ಕೂದಲಿನ ಮೇಲೆ ಅವರಿಗೆ ಅಂಥ ಹಗೆ. ಅಡುಗೆಮನೆಯ ಗೋಡೆಯ ಮೇಲೆ "ಬಿಚ್ಚಿದ ಕೂದಲಿಗೆ ಪ್ರವೇಶವಿಲ್ಲ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿದ್ದರು. ಬೇರೆ ಕಡೆಯ ಕೆಲಸದವರು ಬರತೊಡಗಿದ ಮೇಲೆ ಅದರ ಕೆಳಗೆ ಮರಾಠಿ, ಹಿಂದಿಯಲ್ಲೂ ಬಂತು. ದೋಸೆ ಹುಯ್ಯುವವನು ಒಮ್ಮೆ ರಜೆಗೆ ಹೋದವನು ಹಣೆ ಮುಚ್ಚುವಷ್ಟು ಜುಟ್ಟು ಬಿಟ್ಟುಕೊಂಡು ಬಂದ. ನಲವತ್ತು ದಾಟಿದ ಮನುಷ್ಯ, ಪಾಪ, ಮನೆಯಲ್ಲಿ ಎರಡನೆಯ ಹೆಣ್ಣು ನೋಡುತ್ತಿದ್ದರಂತೆ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ದೋಸೆ ಬೇಕಾ, ಜುಟ್ಟು ಬೇಕಾ, ನೀನೇ ಹೇಳು" ಎಂದರು. ಅರ್ಧ ಗಂಟೆಯಲ್ಲಿ ಅವನು ನುಣ್ಣಗೆ ಬೋಳಿಸಿಕೊಂಡು ಬಂದು ಕಾವಲಿಯ ಮುಂದೆ ನಿಂತ. ಹೆಣ್ಣಿನ ಕಡೆಯವರು ಅದೇ ವಾರ ಒಪ್ಪಿದರೆನ್ನುವುದು ಬೇರೆ ಮಾತು.

ಇನ್ನೊಮ್ಮೆ ವಾಳೂಜ್ ಕಡೆಯ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಗಿರಾಕಿಯೊಬ್ಬ ಉಪ್ಪಿಟ್ಟಿನಲ್ಲಿ ಕೂದಲು ಸಿಕ್ಕಿತೆಂದು ರೇಗಿದ. ಅಮ್ಮ ಆ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. ಆಮೇಲೆ ಅವನ ಮೀಸೆಯ ಹತ್ತಿರ ಹಿಡಿದರು. "ನಿಮ್ದೇ. ಆದ್ರೂ ತಟ್ಟೆ ಬದಲು ಕೊಡ್ತೇನೆ" ಎಂದರು, ಮರಾಠಿಯಲ್ಲಿ, ಒಂದಿಷ್ಟೂ ನಗದೆ. ಅವನು ಕೊನೆಗೆ ದಿನಾ ಬರುವ ಗಿರಾಕಿಯಾದ.

ಇಂಥವರ ಹೋಟೆಲಿನ ಹಿಂದಿನ ಕಟ್ಟಡಕ್ಕೆ ನಾನು ಮಗಳನ್ನು ಕರೆದುಕೊಂಡು ಬಂದು ಸೇರಿದೆ. ನಾನು ಬಾಗಲಕೋಟೆಯವನು, ಬ್ಯಾಂಕಿನ ನೌಕರ, ವರ್ಗವಾಗಿ ಅಲ್ಲಿಗೆ ಬಂದವನು. ಹೆಂಡತಿ ಕೇಂದ್ರ ಸರ್ಕಾರದ ಕಚೇರಿಯವಳು. ಶಾಲೆಯ ವರ್ಷ ಅರ್ಧವಾಗಿದ್ದಾಗ ಅವಳಿಗೆ ನಾಸಿಕಕ್ಕೆ ವರ್ಗವಾಯಿತು. ಮಗಳು ಆಗ ಎರಡನೆಯ ಕ್ಲಾಸು. ಶಾಲೆ ತಪ್ಪಿಸುವುದು ಬೇಡವೆಂದು ನನ್ನ ಹತ್ತಿರವೇ ಉಳಿದಳು. ಅಡುಗೆ ಬರುತ್ತಿತ್ತು, ಇಸ್ತ್ರಿ ಬರುತ್ತಿತ್ತು, ಹೋಮ್‌ವರ್ಕ್ ಮಾಡಿಸಲೂ ಬರುತ್ತಿತ್ತು. ಸೋತದ್ದು ಅವಳ ತಲೆಯ ಮುಂದೆ.

ಅವಳ ಕೂದಲು ನಮ್ಮಿಬ್ಬರ ಕಡೆಯದೂ ಅಲ್ಲ. ನಮ್ಮದು ತೆಂಗಿನ ನಾರಿನಂಥ ಗಟ್ಟಿ ಕೂದಲು. ಅವಳದು ತೆಳ್ಳಗೆ, ಕಂದು ಬಣ್ಣ, ಉಸಿರು ಬಿಟ್ಟರೆ ಹಾರುವಂಥದ್ದು. ಗಾಳಿಗೆ ಗಂಟು, ದಿಂಬಿಗೆ ಗಂಟು, ಸ್ವೆಟರ್ ಹಾಕಿ ತೆಗೆದರೆ ಗಂಟು. ರಾತ್ರಿ ಮಲಗುವಾಗ ಕೂದಲಾಗಿದ್ದದ್ದು ಬೆಳಗ್ಗೆ ಏಳುವಾಗ ಹತ್ತಿಯ ಉಂಡೆ. ನಾನೋ, ನೆತ್ತಿಯ ಮೇಲೆ ಬಾಚಣಿಗೆ ಇಟ್ಟು ಸರ್ರನೆ ಕೆಳಗೆ ಎಳೆಯುವವನು. ಅವಳು "ನಕೋ ಅಪ್ಪಾ, ದುಖತಂಯ" ಎಂದು ಮೂರು ಮಾಳಿಗೆಗೆ ಕೇಳುವಂತೆ ಅಳುವವಳು. ನೋವು ಬಂದಾಗ ಅವಳಿಗೆ ಮರಾಠಿಯೇ ಬರುವುದು.

ಒಂದು ಬೆಳಗ್ಗೆ ಹೋಟೆಲಿನ ಹಿತ್ತಲ ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ತಲೆಯೊಂದು ಕಾಣಿಸಿತು.

"ಬ್ಯಾಂಕಿನವ್ರೇ, ಯಾರನ್ನು ಕೊಲ್ತಾ ಇದ್ದೀರಿ?"

"ಯಾರನ್ನೂ ಇಲ್ರಿ ಅಮ್ಮಾ. ತಲೀ ಬಾಚಾಕತ್ತೀನಿ."

"ನಾನು ಕೇಳಿದ್ದೂ ಅದನ್ನೇ. ಮಗುವನ್ನು ಈಚೆ ಕಳ್ಸಿ."

ಹೋಟೆಲಿನ ಒಳಗೆ ಕೂಡಿಸಲಿಲ್ಲ. ಅಲ್ಲಿ ಬಿಚ್ಚಿದ ಕೂದಲಿಗೆ ಜಾಗವೆಲ್ಲಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹಳೆಯ ಪೇಪರು ಹಾಸಿ, ಕಲ್ಲಿನ ಮೇಲೆ ಮಗಳನ್ನು ಕೂಡಿಸಿದರು. ಎಡಗೈಯಲ್ಲಿ ಒಂದು ಎಳೆ ಕೂದಲನ್ನು ಗಂಟಿನ ಮೇಲ್ಗಡೆ ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ತೀರ ತುದಿಯ ಅರ್ಧ ಬೆರಳಿನಷ್ಟನ್ನು ಬಾಚಿದರು. ಅದು ಬಿಟ್ಟ ಮೇಲೆ ಇನ್ನರ್ಧ ಬೆರಳು ಮೇಲೆ. ಮಗಳು ಅಳಲು ಬಾಯಿ ತೆರೆದವಳು ಹಾಗೇ ಕಾಯುತ್ತಿದ್ದಳು, ನೋವು ಬರಲೇ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ತುದಿಯಿಂದ ಹೋಗ್ಬೇಕು, ಬುಡ ತಾನಾಗಿ ಬರ್ತದೆ" ಎಂದರು. "ಮೇಲ್ಗಡೆ ಹೀಗೆ ಹಿಡ್ಕೊಂಡ್ರೆ ಎಳೆತ ನನ್ನ ಬೆರಳಿಗೆ ಬರ್ತದೆ, ಮಗುವಿನ ತಲೆಗೆ ಹೋಗುದಿಲ್ಲ. ನೋವಾಗುದಾದ್ರೆ ದೊಡ್ಡವರ ಕೈಗೆ ಆಗ್ಲಿ."

ಅಂದಿನಿಂದ ದಿನಾ ಬೆಳಗ್ಗೆ ಆರೂವರೆಗೆ, ಹೋಟೆಲಿನ ಷಟರು ಏಳುವ ಮುಂಚೆ, ಹತ್ತು ನಿಮಿಷ ಕಲ್ಲಿನ ಮೇಲೆ ಹಾಜರಿ. ಉದುರಿದ ಒಂದೊಂದು ಕೂದಲನ್ನೂ ಆರಿಸಿ ಬೆರಳಿಗೆ ಸುತ್ತಿ ಮಲ್ಲಿಗೆ ಗಿಡದ ಬುಡದಲ್ಲಿ ಹೂತು, ಕೈಗೆ ಎರಡು ಸಲ ಸಾಬೂನು ಹಾಕಿ ತೊಳೆದೇ ಅವರು ಒಳಗೆ ಹೋಗುತ್ತಿದ್ದದ್ದು. ಶಾಲೆ ಬಿಟ್ಟ ಮೇಲೂ ಮಗಳು ಅಲ್ಲಿಯೇ, ನಾನು ಬ್ಯಾಂಕಿನಿಂದ ಬರುವ ತನಕ. ಬಾಗಿಲ ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತ ಹೋಮ್‌ವರ್ಕ್ ಮಾಡುತ್ತಿದ್ದಳು, ಎರಡು ಬಿಗಿ ಜಡೆಗಳೊಂದಿಗೆ. ಜಡೆ ಸಡಿಲವಾಯಿತೋ, ಪುಸ್ತಕ ಸಮೇತ ಹಿತ್ತಲಿಗೆ.

ಆ ವರ್ಷ ಗುಡಿ ಪಾಡವಾದ, ಅಂದರೆ ನಮ್ಮ ಯುಗಾದಿಯ ದಿನದ, ಮೆರವಣಿಗೆಗೆ ಶಾಲೆಯ ಹುಡುಗಿಯರ, ಝಣಗುಡುವ ಲೇಝೀಮ್ ಹಿಡಿದು ಕುಣಿಯುವ ತಂಡ ಹೊರಡುವುದಿತ್ತು. ನಮ್ಮವಳು ಮೊದಲ ಸಾಲಿಗೆ ಆಯ್ಕೆಯಾದಳು. ಮನೆಗೆ ಓಡಿ ಬಂದವಳಿಗೆ ಉಸಿರೇ ಇರಲಿಲ್ಲ. "ಅಪ್ಪಾ, ನಂಗ ಪಹಿಲೀ ಲೈನ್. ನೌವಾರಿ ಉಡಬೇಕು, ಅಂಬಾಡಾ ಹಾಕಬೇಕು, ಗಜರಾ ಬೇಕು." ನೌವಾರಿ ಎಂದರೆ ಅಲ್ಲಿಯ ಒಂಬತ್ತು ಗಜದ ಸೀರೆ, ಅಂಬಾಡಾ ಎಂದರೆ ತುರುಬು, ಗಜರಾ ಅದಕ್ಕೆ ಸುತ್ತುವ ಹೂದಂಡೆ. ಗಿಡ್ಡ ಕೂದಲಿನವರು ಹಿಂದಿನ ಸಾಲಿಗೆ ಎಂದು ಟೀಚರು ಚೀಟಿಯಲ್ಲೇ ಬರೆದಿದ್ದರು. ಅವಳ ಕೂದಲು ಆಗ ತಾನೇ ಹೆಗಲಿನ ಕೆಳಗೆ ಇಳಿದಿತ್ತು. ಎರಡು ತಿಂಗಳು ಮನೆಯಲ್ಲಿ ಬೇರೆ ಮಾತಿಲ್ಲ. ಸೌಟು ಕಂಡರೆ ಲೇಝೀಮ್, ಜಾಲರಿ ಸೌಟು ಕಂಡರೆ ಲೇಝೀಮ್. ನನಗೂ ಅದೇ ಹುಚ್ಚು ಹಿಡಿದು, ಬ್ಯಾಂಕಿನ ಮೆಟ್ಟಿಲನ್ನು ಅದೇ ತಾಳಕ್ಕೆ ಹತ್ತುತ್ತಿದ್ದೆ.

ಪಾಡವಾಕ್ಕೆ ಹತ್ತು ದಿನ ಮುಂಚೆ ಬಣ್ಣ ಆಡುವ ರಂಗಪಂಚಮಿ. ನಾಸಿಕದ ರಂಗಪಂಚಮಿ ಎಂದರೆ ಊರಿಗೆ ಊರೇ ಬೀದಿಗೆ ಬರುತ್ತದೆ. ಮಗಳು ಅವ್ವನ ಹತ್ತಿರ ಹೋಗುವುದೆಂದು ತಿಂಗಳಿನಿಂದ ಕುಣಿಯುತ್ತಿದ್ದಳು. ಹೊರಡುವ ಹಿಂದಿನ ದಿನ ಅಮ್ಮ ನನ್ನನ್ನು ಕರೆದು ಹೇಳಿದ್ದರು: "ಕೊಬ್ಬರಿ ಎಣ್ಣೆ, ಎರಡೇ ಹನಿ. ಬಿಗಿ ಜಡೆ. ಮೇಲಿಂದ ಬಟ್ಟೆ ಕಟ್ಟಿ. ಇಷ್ಟೇ. ಹೆಚ್ಚು ಬುದ್ಧಿ ಓಡಿಸ್ಬೇಡಿ."

ನಾನು ಬುದ್ಧಿ ಓಡಿಸಿದೆ. ಎರಡು ಹನಿ ಎಣ್ಣೆ ಯಾವ ಮೂಲೆಗೆ ಸಾಕು ಎನ್ನಿಸಿತು. ನಮ್ಮ ಕಡೆ ಹರಳೆಣ್ಣೆ ಎಂದರೆ ಎಲ್ಲಕ್ಕೂ ಮದ್ದು. ಕಣ್ಣುರಿಗೆ ಅದೇ, ಹೊಟ್ಟೆನೋವಿಗೆ ಅದೇ, ಕೂಸಿನ ನೆತ್ತಿಗೂ ಅದೇ. ಊರಿಂದ ನಮ್ಮವ್ವ ಕಳಿಸಿದ ಬಾಟಲಿ ಮನೆಯಲ್ಲಿತ್ತು. ದಪ್ಪ ಎಣ್ಣೆ ಇದ್ದರೆ ಬಣ್ಣ ಹತ್ತುವುದಿಲ್ಲ ಎಂದುಕೊಂಡು ಅರ್ಧ ಬಾಟಲಿ ಸುರಿದು ತಿಕ್ಕಿದೆ. ಮಗಳು ಕೂದಲು ಬಿಟ್ಟುಕೊಂಡೇ ಆಡುತ್ತೇನೆಂದು ಹಟ ಮಾಡಿದಳು. ಹಬ್ಬದ ದಿನ ಯಾಕೆ ಅಳಿಸಬೇಕೆಂದು ಅದಕ್ಕೂ ತಲೆಯಾಡಿಸಿದೆ.

ನಾಸಿಕದಲ್ಲಿ ಹಳೆಯ ಕಾಲದ ಬಣ್ಣದ ಹೊಂಡ ನೋಡಲು ಹೋದೆವು. ದಂಡೆಯಲ್ಲಿ ನಿಂತಿದ್ದವಳ ಮೇಲೆ ಯಾರೋ ಮೂರು ಬಕೆಟ್ ಬಣ್ಣ ಹುಯ್ದರು. ಅವಳು ಖುಷಿಯಿಂದ ಕಿರುಚುತ್ತ ಇನ್ನೂ ಬೇಕೆಂದಳು. ಮೂರು ತಾಸು ಬಿಸಿಲು, ಮಣ್ಣು, ಗುಲಾಲು. ಮನೆಗೆ ಬಂದ ಮೇಲೆ ಜಿಡ್ಡು ಹೋಗಲಿ ಎಂದು ನಾನೇ ಬಿಸಿ ನೀರು ಹುಯ್ದು, ಶಾಂಪೂ ಹಾಕಿ ಎರಡೂ ಕೈಯಿಂದ ಗಸಗಸ ತಿಕ್ಕಿದೆ. ಒರೆಸಲು ಟವೆಲು ತೆಗೆದವನ ಕೈಗೆ ಸಿಕ್ಕಿದ್ದು ಕೂದಲಲ್ಲ, ಕಂಬಳಿ. ಬೆರಳು ಒಳಗೆ ಹೋಗುತ್ತಲೇ ಇರಲಿಲ್ಲ. ಹಸಿರು, ಗುಲಾಬಿ ಬಣ್ಣದ ಒಂದೇ ಒಂದು ಉಂಡೆ, ಕಿವಿಯಿಂದ ಕಿವಿಗೆ.

"ಏನ್ ಹಚ್ಚೀರಿ ಇದಕ್ಕ?" ಎಂದಳು ಹೆಂಡತಿ.

"ಹರಳೆಣ್ಣಿ."

ಅವಳು ನನ್ನ ಕೈಯಿಂದ ಟವೆಲು ಕಸಿದುಕೊಂಡು ಮಗಳ ತಲೆಗೆ ಸುತ್ತಿದಳು. ಬೈದಿದ್ದರೆ ಬೇಸಿತ್ತು. ಮರುದಿನ ಕರೆದೊಯ್ದ ಪಾರ್ಲರಿನ ಹೆಂಗಸು ಮುಟ್ಟಿ ನೋಡಿ, ಬಾಯ್‌ಕಟ್ ಬಿಟ್ಟರೆ ದಾರಿಯಿಲ್ಲ ಎಂದಳು. ಹೆಂಡತಿಯೂ ಹೂಂ ಅಂದಳು. ಮಗಳು ಕುರ್ಚಿಯಿಂದಿಳಿದು ಮೇಜಿನ ಕೆಳಗೆ ಹೊಕ್ಕು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಳು. "ಇಡ್ಲಿ ಅಜ್ಜಿಗೆ ತೋರಿಸು ಮೊದಲು" ಎಂದಳು, ಸ್ವಚ್ಛ ಕನ್ನಡದಲ್ಲಿ. ತಪ್ಪು ನನ್ನದು, ಹಿಂದಿನ ಸಾಲಿಗೆ ಹೋಗುವವಳು ಅವಳು.

"ಪಾಡವಾದ ಹಿಂದಿನ ದಿನಾ ಬರ್ತೀನಿ. ಅಷ್ಟರಾಗ ಬಿಡಲಿಲ್ಲಂದ್ರ ಕತ್ತರಿಸೂದ ಖರೆ" ಎಂದು ಹೆಂಡತಿ ಗಡುವು ಕೊಟ್ಟಳು. ಸಿಕ್ಕ ಎಸ್‌ಟಿ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಬಂದೆವು. ದಾರಿಯುದ್ದಕ್ಕೂ ಮಗಳು ತಲೆಯ ಮೇಲಿನ ಟವೆಲು ತೆಗೆಯಲಿಲ್ಲ.

ಅಮ್ಮ ಟವೆಲು ಬಿಚ್ಚಿ ನೋಡಿದರು. ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಮೂಸಿ ನೋಡಿದರು.

"ಹರಳೆಣ್ಣೆ."

"ಹೌದ್ರಿ ಅಮ್ಮಾ. ನಮ್ಮವ್ವ ಹಚ್ಚತಿದ್ಲು, ಅದಕ್ಕ…"

"ನಿಮ್ಮ ಅಮ್ಮ ನಿಮ್ಮ ತಲೆಗೆ ಹಚ್ಚಿದ್ದು ಮಾರಾಯ್ರೆ. ಹಗ್ಗಕ್ಕೆ ಹಚ್ಚುವ ಎಣ್ಣೆ ರೇಷ್ಮೆಗೆ ಹಚ್ತಾರಾ?" ನಂತರ ಮಗಳ ಕಡೆ ತಿರುಗಿ, "ಎಷ್ಟು ದಿನ ಉಂಟು ಮಗಾ, ನಿನ್ನ ಕುಣಿತಕ್ಕೆ?"

"ನೌ ದಿವಸ."

"ಒಂಬತ್ತು ದಿನದಲ್ಲಿ ಬ್ರಹ್ಮನಿಗೆ ಹೊಸ ತಲೆ ಮಾಡ್ಲಿಕ್ಕಾಗುದಿಲ್ಲ. ನಾವು ಹಳೇದನ್ನೇ ಬಿಡಿಸುವ."

ನನಗೆ ಆಗ ಆದ ಆನಂದವನ್ನು ಏನೆಂದು ಹೇಳಲಿ. ಕಾಲಿಗೆ ಬೀಳಲು ಹೋದೆ. "ಬ್ಯಾಂಕಿಗೆ ಹೋಗಿ" ಎಂದು ಅಟ್ಟಿದರು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವ ತನಕದ ಎರಡು ತಾಸು ಅವರಿಗೆ ದಿನದಲ್ಲಿ ಸಿಗುತ್ತಿದ್ದ ಒಂದೇ ವಿಶ್ರಾಂತಿ. ಒಂಬತ್ತು ದಿನ ಅದನ್ನು ಮಗಳ ತಲೆಗೆ ಕೊಟ್ಟರು. ನಮ್ಮ ಭಾಷೆಯ ಹೆಸರಿನದೇ ಒಂದು ತಾಲೂಕು ಊರು ಸಂಭಾಜಿನಗರದ ಹತ್ತಿರವಿದೆ, ಕನ್ನಡ ಅಂತ. ಅಲ್ಲಿ ನಮ್ಮ ಮಾತು ಬಲ್ಲವರು ಮಾತ್ರ ಸಿಗುವುದಿಲ್ಲ. ಅಲ್ಲಿಂದ ದಿನಾ ತರಕಾರಿ ತರುವವನಿಗೆ ಅಮ್ಮ ದಾಸವಾಳದ ಎಲೆ ತರಲು ಹೇಳಿದರು. ಎಲೆ ಅರೆದು, ನೀರಲ್ಲಿ ಕಿವುಚಿ, ಸೋಸಿದರೆ ಜಾರುವ ಲೋಳೆ. ನಳ ಐದು ದಿನಕ್ಕೊಮ್ಮೆ ಬರುವ ಆ ಮಾರ್ಚ್ ತಿಂಗಳಲ್ಲಿ ಪಾತ್ರೆ ತೊಳೆಯುವ ನೀರಿಗೂ ಲೆಕ್ಕ ಇಡುತ್ತಿದ್ದವರು, ಇವಳ ತಲೆಗೆ ದಿನಕ್ಕೊಂದು ಕೊಡ ತೆಗೆದಿಟ್ಟರು. ಉಗುರು ಬೆಚ್ಚಗಿನ ಕೊಬ್ಬರಿ ಎಣ್ಣೆಯಿಂದ ಹರಳೆಣ್ಣೆಯ ಜಿಗುಟನ್ನು ಸಡಿಲಿಸಿ, ಲೋಳೆ ಹಚ್ಚಿ, ತಿಕ್ಕದೆ ನೆನೆಸಿಟ್ಟರು. ಮೊದಲ ಎರಡು ದಿನ ಬಾಚಣಿಗೆ ಮುಟ್ಟಲೇ ಇಲ್ಲ. ಬೆರಳು, ಮತ್ತು ತೆಂಗಿನ ಗರಿಯ ಒಂದು ನಯವಾದ ಕಡ್ಡಿ. ಕಡ್ಡಿಯ ತುದಿಯಿಂದ ಉಂಡೆಯ ಅಂಚಿನ ಒಂದೊಂದೇ ಎಳೆಯನ್ನು ಎಬ್ಬಿಸುವುದು, ಬೆರಳಿಂದ ಬಿಡಿಸುವುದು.

ಮಗಳು ಸುಮ್ಮನೆ ಕೂರಬೇಕಲ್ಲ. ಬಿಟ್ಟ ಎಳೆಗಳನ್ನು ಎಣಿಸುವ ಕೆಲಸ ಅವಳಿಗೆ ಹಚ್ಚಿದರು, ಅದೂ ಕನ್ನಡದಲ್ಲಿ. ಅವಳಿಗೆ ಹತ್ತರ ಮೇಲೆ ಮರಾಠಿ ಅಂಕಿಯೇ ಗೊತ್ತಿದ್ದದ್ದು. ಮೂರನೆಯ ದಿನ ಸಂಜೆ ನಾನು ಬ್ಯಾಂಕಿನಿಂದ ಬರುವಾಗ ಹಿತ್ತಲಿಂದ "ನಲವತ್ತೇಳು, ನಲವತ್ತೆಂಟು" ಎಂದು ಕೇಳಿಸಿತು. ಗೋಡೆಯ ಈಚೆ ನಿಂತು ಕೇಳಿದೆ. ಎರಡು ವರ್ಷ ನಾನು ಕಲಿಸಲು ಹೋಗಿ ಕೈಬಿಟ್ಟದ್ದು ಅದು.

ನನಗೂ ಒಂದು ಎಳೆ ಕೊಟ್ಟರು. ನಾನು ಎಂದಿನಂತೆ ಅವಸರ ಮಾಡಿ ಎಳೆದೆ. ಮಗಳು ಹಾಯ್ ಎನ್ನುವ ಮೊದಲೇ ನನ್ನ ಕೈಯ ಮೇಲೆ ಏಟು ಬಿತ್ತು. "ಕೂದಲು ಹೇಳಿದ ಕಡೆ ನೀವು ಹೋಗ್ಬೇಕು. ನೀವು ಹೇಳಿದ ಕಡೆ ಅದು ಬರುದಿಲ್ಲ. ಎಂತ ಅರ್ಜೆಂಟ್ ನಿಮಗೆ?" ಕೈಕೆಳಗೆ ಐವತ್ತು ಜನರಿರುವ ನಮ್ಮ ಮ್ಯಾನೇಜರರ ಏಟು ತಿಂದರೂ ಅಷ್ಟು ನಾಟುತ್ತಿರಲಿಲ್ಲ. ಆರನೆಯ ದಿನ ನನ್ನ ಕೈಯಲ್ಲೂ ಒಂದು ಗಂಟು ಬಿಟ್ಟಿತು. ಬ್ಯಾಂಕಿನ ಪರೀಕ್ಷೆ ಪಾಸಾದಾಗಲೂ ನಾನು ಹಾಗೆ ಕುಣಿದಿರಲಿಲ್ಲ.

ಪಾಡವಾದ ಹಿಂದಿನ ಮಧ್ಯಾಹ್ನಕ್ಕೆ ತಲೆಯ ಮುಕ್ಕಾಲು ಪಾಲು ಬಿಟ್ಟಿತ್ತು. ಉಳಿದದ್ದು ಕುತ್ತಿಗೆಯ ಮೇಲಿನ ಒಂದು ಮುಷ್ಟಿ. ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಅಮ್ಮ ಕಡ್ಡಿ ಹಾಕಿದರು, ಎಣ್ಣೆ ಹಾಕಿದರು, ಮೂರು ಸಲ ಲೋಳೆ ಹಾಕಿದರು. ಅದು ಕಲ್ಲಾಗಿತ್ತು. ಅವರ ಬೆರಳ ತುದಿಗಳು ಕೆಂಪಾಗಿದ್ದವು. ಕೊನೆಗೆ ಕಡ್ಡಿ ಕೆಳಗಿಟ್ಟು, ಮಗಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು.

"ಮಗಾ, ಇದೊಂದು ಬಿಡುದಿಲ್ಲ. ಕತ್ತರಿಸ್ಲಾ?"

ಮಗಳು ನನ್ನ ಕಡೆ ನೋಡಲಿಲ್ಲ. ಅಜ್ಜಿಯ ಮುಖವನ್ನೇ ನೋಡಿ, "ಅಂಬಾಡಾ ಆಗತದೇನು?" ಎಂದಳು.

"ಆಗ್ತದೆ."

"ಹಂಗಾದ್ರ ಕತ್ತರಿಸು."

ಕತ್ತರಿ ಆಡಿತು. ಬಣ್ಣದ ಉಂಡೆ ಪೇಪರಿನ ಮೇಲೆ ಬಿತ್ತು. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮೊದಲೇ ತೆಳು ಕೂದಲು, ಹಿಂದಿನದೆಲ್ಲ ಹೋಯಿತು, ಉಳಿದದ್ದನ್ನು ಸುತ್ತಿದರೆ ನೆಲ್ಲಿಕಾಯಿಯಷ್ಟು ತುರುಬು. ಅದಕ್ಕೆ ಗಜರಾ ಎಲ್ಲಿ ನಿಲ್ಲಬೇಕು. ಅದೇ ಹೊತ್ತಿಗೆ ಹೆಂಡತಿಯೂ ಬಸ್ಸಿಳಿದು ಹಿತ್ತಲಿಗೆ ಬಂದಳು. ನೋಡಿದವಳು ಮಗಳ ಪಕ್ಕ ಕೂತಳು.

ಅಮ್ಮ ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದರು. ಮುಚ್ಚಳ ತೆಗೆದಾಗ ಕರ್ಪೂರದ ವಾಸನೆ ಬಂತು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಚೌರಿ. ಚೌರಿ ಎಂದರೆ ಜಡೆಗೆ, ತುರುಬಿಗೆ ಸೇರಿಸಿಕೊಳ್ಳುವ ಕೂದಲಿನ ಕಟ್ಟು. ಎರಡು ಕೈಯಲ್ಲಿ ಎತ್ತಿ ಹಿಡಿದರೂ ನೆಲ ಮುಟ್ಟುವಷ್ಟು ಉದ್ದ, ದಪ್ಪ, ಕಪ್ಪು.

"ಯಾರ್ದ್ರಿ ಅಮ್ಮಾ ಇದು?" ಎಂದಳು ಹೆಂಡತಿ.

"ನಂದೇ."

ಅಮ್ಮ ಕಲ್ಲಿನ ಮೇಲೆ ಕೂತು ಹೇಳಿದರು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ಹೋಟೆಲು ತೆರೆದ ವರ್ಷ. ನನಗೆ ಇಪ್ಪತ್ತೆರಡು. ಒಬ್ಬನ ಚಟ್ನಿಯಲ್ಲಿ ಕೂದಲು ಸಿಕ್ಕಿತು, ಒಂದು ಮೊಳ ಉದ್ದದ್ದು. ಇಡೀ ಹೋಟೆಲಲ್ಲಿ ಅಷ್ಟುದ್ದ ಕೂದಲು ಯಾರಿಗಿತ್ತು ಹೇಳಿ. ಅವ ಬೀದಿಯಲ್ಲಿ ನಿಂತು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಎಂಟು ದಿನ ಒಂದು ನೊಣ ಬರ್ಲಿಲ್ಲ. ನಮ್ಮ ಯಜಮಾನ್ರು ನನಗೆ ಏನೂ ಹೇಳ್ಲಿಲ್ಲ. ಹೇಳಿದ್ರೆ ಜಗಳವಾದ್ರೂ ಮಾಡ್ತಿದ್ದೆ. ಒಂಬತ್ತನೇ ದಿನ ಬೆಳಗ್ಗೆ ನಾನೇ ಕತ್ತರಿಸ್ಕೊಂಡೆ, ಬುಡದ ತನಕ. ಬಟ್ಟೆ ಕಟ್ಟಿದೆ. ಊರಿಗೆ ಹೋದಾಗ ಇದನ್ನು ಚೌರಿ ಮಾಡಿಸಿದೆ. ಹೋಟೆಲು ನಿಂತಿತು. ಮತ್ತೆ ಕೂದಲು ಬಿಡ್ಲಿಕ್ಕೆ ಧೈರ್ಯ ಬರ್ಲಿಲ್ಲ, ಅಷ್ಟೇ."

ನಾನು ಆ ಬಿಳಿ ಬಟ್ಟೆಯನ್ನು ನೋಡಿದೆ. ಅದರೊಳಗೆ ದೊಡ್ಡ ತುರುಬಿದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಹೆಂಡತಿ ಅವರ ಪಾದ ಮುಟ್ಟಿದಳು. "ಬೇಡ, ಬೇಡ. ಬೆಳಗ್ಗೆ ಐದಕ್ಕೆ ಮಗುವನ್ನು ಕಳ್ಸಿ" ಎಂದರು ಅಮ್ಮ.

ಪಾಡವಾದ ಬೆಳಗ್ಗೆ ಕಲ್ಲಿನ ಮೇಲೆ ಅಂಬಾಡಾ ಎದ್ದಿತು. ಒಳಗೆ ಅಜ್ಜಿಯ ಕಪ್ಪು ಚೌರಿಯ ಸುತ್ತು, ಅದರ ಮೇಲೆ ಮೊಮ್ಮಗಳಂಥವಳ ಕಂದು ಕೂದಲಿನ ಹೊದಿಕೆ, ಮೇಲೆ ಮಲ್ಲಿಗೆಯ ಗಜರಾ. ಮಗಳು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಳು. "ಲಈ ಭಾರಿ" ಎಂದಳು. ಮರಾಠಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ಮೆರವಣಿಗೆಯನ್ನು ನೆನೆದರೆ ಈಗಲೂ ನನ್ನ ಕಾಲು ನೆಲದಲ್ಲಿ ನಿಲ್ಲುವುದಿಲ್ಲ. ಮುಂದೆ ಢೋಲು, ತಾಶೆ. ಹಿಂದೆ ಲೇಝೀಮಿನ ನಾಲ್ಕು ಸಾಲು. ಮೊದಲ ಸಾಲಿನ ಎಡತುದಿಗೆ ನಮ್ಮವಳು. ಬಗ್ಗಿದಳು, ಎದ್ದಳು, ತಿರುಗಿದಳು, ಅಂಬಾಡಾ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನೂ ಹೆಂಡತಿಯೂ ಫುಟ್‌ಪಾತಿನ ಮೇಲೆ ಅವಳ ಜೊತೆಜೊತೆಗೇ ಓಡಿದೆವು. ಮೆರವಣಿಗೆ ಹೋಟೆಲಿನ ಮುಂದೆ ಬಂದಾಗ ಅಮ್ಮ ಹೊರ ಮೆಟ್ಟಿಲಿಗೆ ಬಂದು ನಿಂತಿದ್ದರು, ಅಷ್ಟು ವರ್ಷದಲ್ಲಿ ವ್ಯಾಪಾರದ ಹೊತ್ತಿನಲ್ಲಿ ಬಾಗಿಲು ಬಿಟ್ಟು ಬಂದದ್ದು ಅದೇ ಮೊದಲು. ಮಗಳು ಅವರನ್ನು ಕಂಡು ಇಮ್ಮಡಿ ಬಗ್ಗಿ ಕುಣಿದಳು.

ಒಂದು ತಾಸಿನ ಮೇಲೆ ಮೆರವಣಿಗೆ ಮುಗಿಯಿತು. ಅವಳು ನಮ್ಮ ಕೈಗೂ ಸಿಗದೆ ಹೋಟೆಲಿನ ಕಡೆ ಓಡಿದಳು. ಓಡುವ ರಭಸಕ್ಕೆ ಪಿನ್ನುಗಳು ಬಿದ್ದವು, ಗಜರಾ ಜಾರಿತು, ಅಂಬಾಡಾ ಬಿಚ್ಚಿತು. ನಾವು ಹಿಂದೆಯೇ ಹೋಗುವಷ್ಟರಲ್ಲಿ ಅವಳು ಒಳಗಿದ್ದಳು. ಶ್ರೀಖಂಡ ಪೂರಿಯ ಹಬ್ಬದ ಗದ್ದಲ, ಒಂದು ಕುರ್ಚಿಯೂ ಖಾಲಿಯಿಲ್ಲ. ಹಾಲಿನ ನಡುವೆ ಅವಳು ನಿಂತಿದ್ದಾಳೆ, ಕೂದಲು ಮುಖದ ತುಂಬ, ಕೈಯಲ್ಲಿ ನೆಲ ಮುಟ್ಟುವ ಚೌರಿ. ಅಡುಗೆಮನೆಯ ಬಾಗಿಲು ಕಂಡೊಡನೆ ನಿಯಮ ನೆನಪಾಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಅಳು ಬರುವುದರಲ್ಲಿತ್ತು.

ಅಮ್ಮ ಬಾಗಿಲಿನಿಂದ ಬಂದರು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದರು. ಅದರಿಂದ ಮಗಳ ಮುಖದ ಬೆವರು ಒರೆಸಿದರು. ಹುಡುಗರಿಗಿರುವಷ್ಟು ಗಿಡ್ಡಗೆ ಕತ್ತರಿಸಿದ ಬಿಳಿಯ ಕೂದಲನ್ನು ಹೋಟೆಲೆಲ್ಲ ನೋಡಿತು. ದೋಸೆಯವನು ಸೌಟು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟ, ಕಾವಲಿಯ ಮೇಲೆ ದೋಸೆ ಹೊತ್ತಿತು. ಅಮ್ಮ ಕುರ್ಚಿಯೊಂದನ್ನು ಎಳೆದು ಮಗಳನ್ನು ಹಾಲಿನ ನಡುವೆಯೇ ಕೂಡಿಸಿ, ಸೊಂಟದಿಂದ ಬಾಚಣಿಗೆ ತೆಗೆದರು.

"ಯಾರಿಗಾದ್ರೂ ತೊಂದ್ರೆ ಉಂಟಾ?" ಎಂದು ಮರಾಠಿಯಲ್ಲಿ ಕೇಳಿದರು.

ಮೊದಲ ಮೇಜಿನ ಮುದುಕರೊಬ್ಬರು ಪೂರಿ ಕೆಳಗಿಟ್ಟು, "ಮಾವ್ಶಿ, ಆಮ್ಹಾಲಾ ಘಾಯೀ ನಾಹೀ" ಎಂದರು. ನಮಗೇನೂ ಅವಸರವಿಲ್ಲ ಎಂದು. ಯಾರೂ ಎದ್ದು ಹೋಗಲಿಲ್ಲ. ಅಮ್ಮ ತುದಿಯಿಂದ ಶುರು ಮಾಡಿದರು.

ಮರುದಿನ ಬೆಳಗ್ಗೆ ನೋಡಿದರೆ ತಲೆಗೆ ಹೊಸ ಬಟ್ಟೆ, ಗೋಡೆಯ ಮೇಲೆ ಹಳೆಯ ಬೋರ್ಡು. ಸಡಿಲ ಜಡೆಯಲ್ಲಿ ಒಳಗೆ ಕಾಲಿಟ್ಟ ಮಗಳನ್ನು, "ಹಬ್ಬ ನಿನ್ನೆ ಮುಗೀತು ಮಾರಾಯ್ತಿ, ಹಿತ್ತಲಿಗೆ ನಡಿ" ಎಂದು ಅಟ್ಟಿದರು. ಚೌರಿಯನ್ನು ಹಿಂದಕ್ಕೆ ಕೊಡಲು ಹೋದಾಗ ಡಬ್ಬಿಯನ್ನೂ ಕೊಟ್ಟು, "ಕತ್ತಲಲ್ಲಿ ಇದ್ದದ್ದು ಸಾಕು, ಅವಳ ಹತ್ರ ಇರ್ಲಿ" ಎಂದರು. ಅದೇ ಬೇಸಿಗೆಗೆ ನನಗೂ ನಾಸಿಕಕ್ಕೆ ವರ್ಗವಾಯಿತು. ಡಬ್ಬಿ ನಮ್ಮ ಜೊತೆ ಬಂತು.

ಭಾನುವಾರದ ಊಟಕ್ಕೆ ಹೇಗೆ ತಯಾರಾಗುವುದೆಂದು ಈಗ ಮನೆಯಲ್ಲಿ ಚರ್ಚೆ. ಮಗಳ ಕೂದಲು ಈಗ ಸೊಂಟ ಮುಟ್ಟುತ್ತದೆ, ತೆಳು ಮಾತ್ರ ಹಾಗೆಯೇ ಇದೆ. ಗೆಳತಿಯರೆಲ್ಲ ಬಿಟ್ಟುಕೊಂಡೇ ತಿರುಗುತ್ತಾರೆ, ಅವಳೂ ಹಾಗೆಯೇ. "ಬಿಟ್ಟುಕೊಂಡ ಬಾ, ಚಂದ ಕಾಣತೀ" ಎಂದಳು ಅವಳ ಅವ್ವ. ಮಗಳು ಚೌರಿಯನ್ನು ಡಬ್ಬಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳು.

"ಹೆಂಗ ಆಗತದ ಅವ್ವಾ, ಒಳಗ ಹೋಗಬೇಕಲ್ಲ. ಅಪ್ಪಾ, ಇವತ್ತ ಒಂದ ಸಲ ಕಟ್ಟಿ ನೋಡು. ಬಿಗಿಯಾಗಿ ಕಟ್ಟು, ಒಂದ ಕೂದಲಾ ಬೀಳಬಾರದು."

ಗಂಟಿನ ಮೇಲ್ಗಡೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ತುದಿಯಿಂದ ಬಾಚಲು ಶುರು ಮಾಡಿದೆ.